ಮೃಗಶಿರೆಗೆ ಮುನ್ನ ಅಂಗಡಿ

ಹಬ್ಬ ಬಂತೆಂದರೆ ಮನೆಯನ್ನು ತೊಳೆದು ಬಳಿದು ಶುಚಿಗೊಳಿಸುವ ವಾಡಿಕೆ ನಮ್ಮ ತಾಯಂದಿರಲ್ಲಿ ಇಂದಿಗೂ ಉಳಿದಿದೆ. ಅಂಗಡಿಯ ವಿಷಯದಲ್ಲಿ ಮಾತ್ರ ನಾವು ಅಷ್ಟು ಎಚ್ಚರವಹಿಸುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದು ಕಸ ಗುಡಿಸಿ, ತಕ್ಕಡಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದರೆ ಕರ್ತವ್ಯ ತೀರಿತೆಂದು ಭಾವಿಸುತ್ತೇವೆ. ಕಾಯಕವನ್ನೇ ಪೂಜೆಯೆಂದು ನಂಬಿದ ಮನೆತನಗಳವರಿಗೆ ಕಾಯಕ ನಡೆಯುವ ಸ್ಥಳದ ಪಾಲನೆಯೂ ಪೂಜೆಯ ಅಂಗವೇ ಅಲ್ಲವೆ? ಈ ಮಾತನ್ನು ನಾವು ಗ್ರಂಥದಿಂದ ಕಲಿತವರಲ್ಲ. ನಮ್ಮದೇ ಒಂದು ತಪ್ಪಿನಿಂದ ಕಲಿತೆವು.

ನಮ್ಮ ತೀರ್ಥರೂಪರದು ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಅವರು ಒಂದು ದಿನ ಅಂಗಡಿ ಮುಚ್ಚಿ ಸಾಮಾನೆಲ್ಲವನ್ನೂ ಹೊರಗೆ ಹಾಕುತ್ತಿದ್ದರು. ಮಾಡಿನ ಹಂಚನ್ನು ಇಳಿಸಿ, ಒಡೆದುದನ್ನು ಬದಲಿಸಿ, ಮತ್ತೆ ಹೊದಿಸುವುದು ಮೊದಲ ಕೆಲಸ. ಇಲಿಯ ಬಿಲಗಳಿಗೆ ಗಾಜಿನ ಚೂರು ತುಂಬಿ ಮಣ್ಣು ಮೆತ್ತುವುದು ಎರಡನೆಯದು. ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಜೋಡಿಸುವುದು ಮೂರನೆಯದು. ಬೆಲ್ಲ, ಉಪ್ಪುಗಳು ಗಾಳಿಯ ತೇವವನ್ನು ಹೀರಿ ನೀರಾಗುತ್ತವಾದ್ದರಿಂದ ಅವುಗಳಿಗೆ ಬಾಗಿಲಿನಿಂದ ದೂರದ ಒಣ ಮೂಲೆ. ಹಳೆಯ ಸರಕು ಮುಂದೆ, ಹೊಸದು ಹಿಂದೆ. ಮೃಗಶಿರ ಮಳೆ ಹೂಡುವ ಜೂನ್ 7-8ರ ಒಳಗೆ ಇಷ್ಟೂ ಮುಗಿಯಲೇಬೇಕು.

1978ರ ಬೇಸಿಗೆಯಲ್ಲಿ ಅವರು ವಿಷಮಶೀತಜ್ವರದಿಂದ ಹಾಸಿಗೆ ಹಿಡಿದರು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ನಾವು ಊರಿಗೆ ಬಂದು ಅಂಗಡಿಯಲ್ಲಿ ಕುಳಿತೆವು. ಹಂಚಿನ ಕೆಲಸದವನನ್ನು ಕರೆಯಿಸೆಂದು ಅವರು ಎರಡು ಬಾರಿ ಹೇಳಿದರು. ಶಬ್ದಮಣಿದರ್ಪಣದ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದ ನಮಗೆ ಹಂಚಿನ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಮೂಲೆಯಲ್ಲಿದ್ದ ಶೇಂಗಾ ಬೀಜದ ಚೀಲ ತೊಯ್ದುದು ನಮಗೆ ತಿಳಿದದ್ದು ಎಂಟು ದಿನಗಳ ಮೇಲೆ, ವಾಸನೆಯಿಂದ.

ಬೀಜಗಳ ಮೇಲೆ ಹಸುರು ಬೂಷ್ಟು ಬಂದಿತ್ತು. ನಾವು ಅದನ್ನು ಬಿಸಿಲಿಗೆ ಹರವಿದೆವು. ಮೊರದಲ್ಲಿ ಕೇರಿ, ಕೈಯಿಂದ ಉಜ್ಜಿ, ಒಳ್ಳೆಯ ಬೀಜದೊಡನೆ ಬೆರೆಸಿದೆವು. ನೋಡಲು ಏನೂ ಆಗದಂತೆ ಕಾಣುತ್ತಿತ್ತು. ನಷ್ಟ ತಪ್ಪಿಸಿದೆವೆಂಬ ಜಾಣತನದ ಹೆಮ್ಮೆಯೂ ನಮಗೆ ಇದ್ದಿತು. ನಾಲ್ಕು ದಿನ ಮಾರಿದೆವು.

ಐದನೆಯ ದಿನ ತೀರ್ಥರೂಪರು ಗೋಡೆ ಹಿಡಿದು ಅಂಗಡಿಗೆ ಬಂದರು. ಚೀಲದೊಳಗೆ ಕೈ ಹಾಕಿ, ಒಂದು ಬೀಜ ಒಡೆದು ಮೂಸಿದರು. "ತೊಯ್ದದ್ದನ್ನ ಒಣಗಿಸಿ ಮಾರಿದೇನು ತಮ್ಮಾ?" ಎಂದರು. ನಾವು ಸುಮ್ಮನಿದ್ದೆವು. "ಬಿಸಲಿಗೆ ನೀರು ಹೋಗತೈತಿ, ಬೂಷ್ಟು ಹೋಗೂದಿಲ್ಲ" ಎಂದು ಉದ್ರಿ ಖಾತೆಯನ್ನು ತೆಗೆಸಿದರು. ಅದರಲ್ಲಿ ಶೇಂಗಾ ಒಯ್ದ ನಾಲ್ಕು ಮನೆಗಳ ಹೆಸರಿದ್ದವು. ನಮ್ಮನ್ನು ಆ ನಾಲ್ಕೂ ಮನೆಗಳಿಗೆ ಕಳುಹಿಸಿದರು. ನಿಜ ಹೇಳಿ, ಉಳಿದುದನ್ನು ತಂದು, ಬದಲಿಗೆ ಒಳ್ಳೆಯದನ್ನು ಕೊಟ್ಟು ಬಂದೆವು. ಒಂದು ಮನೆಯಲ್ಲಿ ಚಟ್ನಿ ಆಗಲೇ ಮುಗಿದಿತ್ತು.

ಸಾಲ ಒಯ್ದವರ ಹೆಸರು ಖಾತೆಯಲ್ಲಿತ್ತು. ರೊಕ್ಕ ಕೊಟ್ಟು ಒಯ್ದವರ ಹೆಸರು ಎಲ್ಲಿಯೂ ಇರಲಿಲ್ಲ. ಸಂತೆಗೆ ಬಂದವರು, ಕೂಲಿ ಮುಗಿಸಿ ಹೋಗುವವರು, ಒಂದು ಪಾವು ಬೀಜಕ್ಕೆ ಕೈಯಲ್ಲಿ ಚಿಲ್ಲರೆ ಹಿಡಿದು ಬಂದ ಮಕ್ಕಳು ಯಾರೆಂದು ಹುಡುಕುವುದು? ಅವರಲ್ಲಿ ಯಾರಿಗಾದರೂ ಏನಾದರೂ ಆಯಿತೆ ಎಂಬುದು ನಮಗೆ ಇಂದಿಗೂ ತಿಳಿಯದು. ಉಳಿದ ಬೀಜವನ್ನು ಎಮ್ಮೆಗಾದರೂ ಹಾಕೋಣವೆಂದೆವು. ತೀರ್ಥರೂಪರು ಒಪ್ಪದೆ ಹಿತ್ತಲಲ್ಲಿ ತಗ್ಗು ತೆಗೆಸಿ ಮುಚ್ಚಿಸಿದರು. ಆ ಚೀಲದ ಬೆಲೆಯನ್ನು ನುಕ್ಸಾನಿನ ಲೆಕ್ಕಕ್ಕೆ ನಮ್ಮ ಕೈಯಿಂದಲೇ ಬರೆಸಿದರು. ಒಂದು ಬಿರುನುಡಿಯನ್ನೂ ಆಡಲಿಲ್ಲ.

ಅವರ ಮಾತಿನ ಹಿಂದಿದ್ದ ಶಾಸ್ತ್ರ ನಮಗೆ ತಿಳಿದದ್ದು ಬಹಳ ವರ್ಷಗಳ ಅನಂತರ. ತೇವಗೊಂಡ ಶೇಂಗಾ, ಮೆಕ್ಕೆಜೋಳಗಳ ಮೇಲೆ ಬೆಳೆಯುವ ಒಂದು ಜಾತಿಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಅದು ಯಕೃತ್ತಿಗೆ ಮಾರಕ. ಬೂಷ್ಟನ್ನು ಒರೆಸಿದರೂ ವಿಷ ಕಾಳಿನೊಳಗೆ ಉಳಿಯುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗದು. ದನಕ್ಕೆ ತಿನ್ನಿಸಿದರೆ ಹಾಲಿಗೂ ಇಳಿಯುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ತಪ್ಪಿಗೆ ಕೇವಲ ನಾಲ್ಕು ವರ್ಷ ಮೊದಲಿನ ಸಂಗತಿಯಿದು. ಇದನ್ನು ಓದಿದ ದಿನ ನಾವು ಊಟ ಮಾಡಲಿಲ್ಲ.

ಈಗ ಅದೇ ಅಂಗಡಿಯನ್ನು ನಮ್ಮ ತಮ್ಮನ ಮಗ ನಡೆಸುತ್ತಿದ್ದಾನೆ. ಹಂಚು ಹೋಗಿ ಸ್ಲ್ಯಾಬು ಬಂದಿದೆ. ತಕ್ಕಡಿಯ ಸ್ಥಾನದಲ್ಲಿ ವಿದ್ಯುತ್ ತೂಕದ ಯಂತ್ರವಿದೆ. ಆದರೂ ಮಳೆಗೆ ಮುನ್ನಿನ ಕೆಲಸ ಕಡಿಮೆಯಾಗಿಲ್ಲ. ಸ್ಲ್ಯಾಬಿನ ಮೇಲಿನ ಕಸ ತೆಗೆದು ನೀರಿನ ಕೊಳವೆ ಬಿಡಿಸಬೇಕು. ಗೋಡೆ ತೇವ ಹಿಡಿಯುವಲ್ಲಿ ವಿದ್ಯುತ್ ತಂತಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ತೂಕದ ಯಂತ್ರದ ತಟ್ಟೆಯ ಕೆಳಗೆ ಸೇರಿದ ಹಿಟ್ಟು, ಧೂಳನ್ನು ತೆಗೆಯಬೇಕು. ಅದಕ್ಕೆ ಸರಕಾರದ ಮುದ್ರೆ ವರ್ಷಕ್ಕೊಮ್ಮೆ ಆಗಲೇಬೇಕು. ರವೆ, ಹಿಟ್ಟುಗಳನ್ನು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ತರಿಸುವುದು ಲೇಸು. ನುಸಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಬೇಸಿಗೆಯಲ್ಲಿ ಎಣ್ಣೆ, ಬಿಸ್ಕತ್ತುಗಳಿಗೆ ಬಿಸಿಲು ತಾಗದಂತೆ ನೋಡಬೇಕು. ದೀಪಾವಳಿಗೆ ಸುಣ್ಣ ಬಳಿಯುವಾಗ ಹಲಗೆಗಳೆಲ್ಲವನ್ನೂ ಇಳಿಸಿ ಸರಕನ್ನು ಎಣಿಸಿದರೆ, ಪಾಡ್ಯದ ದಿನ ಬರೆಯುವ ಹೊಸ ಖಾತೆ ಸತ್ಯವಾಗಿರುತ್ತದೆ.

ಕಳೆದ ಮೇ ತಿಂಗಳಲ್ಲಿ ನಾವು ಅಲ್ಲಿದ್ದಾಗ ಹುಡುಗನು ಹಿಂದಿನ ಸಾಲಿನಿಂದ ಅವಧಿ ಮೀರಿದ ಶಾವಿಗೆ ಪೊಟ್ಟಣಗಳನ್ನು ಹೊರಗೆಳೆದನು. "ದೊಡ್ಡಪ್ಪಾರ, ತಾರೀಖು ಮುಗದು ಹದಿನೈದು ದಿವಸ ಅಷ್ಟ ಆಗೇತಿ. ಅರ್ಧಾ ರೇಟಿಗೆ ಕೊಟ್ರ ಒಯ್ಯೂರು ಅದಾರ್ರಿ" ಎಂದನು. ಅವನಲ್ಲಿ ನಾವು ಹತ್ತೊಂಬತ್ತರ ಹರೆಯದ ನಮ್ಮನ್ನೇ ಕಂಡೆವು. ಬಯ್ಯುವ ಅಧಿಕಾರ ನಮಗಿರಲಿಲ್ಲ. ಶೇಂಗಾ ಚೀಲದ ಕಥೆಯನ್ನು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೊಟ್ಟಣಗಳನ್ನು ಒಂದು ಡಬ್ಬಕ್ಕೆ ತುಂಬಿ, 'ಮಾರಾಟಕ್ಕಲ್ಲ' ಎಂದು ಬರೆದು ಬದಿಗಿಟ್ಟನು.

ಬಂಧುಗಳೇ, ಧೂಳನ್ನು ಆಳುಮಗನೂ ತೆಗೆದಾನು. ಕೆಟ್ಟ ಸರಕನ್ನು ಗಿರಾಕಿಯ ಚೀಲಕ್ಕೆ ಹಾಕದೆ ತನ್ನ ನಷ್ಟದ ಲೆಕ್ಕಕ್ಕೆ ಬರೆಯುವ ಕೆಲಸ ಮಾತ್ರ ಯಜಮಾನನಿಗೇ ಬಿಟ್ಟದ್ದು. ಮೃಗಶಿರೆ ಹತ್ತಿರ ಬಂದಾಗ ಒಂದು ದಿನ ಅಂಗಡಿ ಮುಚ್ಚಿರಿ. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿರಿ. ಆ ಒಂದು ದಿನದ ವ್ಯಾಪಾರ ಹೋದರೆ ಹೋಗಲಿ. ರೊಕ್ಕ ಕೊಟ್ಟು ಹೋದವರನ್ನು ಹುಡುಕಿ ಅಲೆಯುವ ದಿನ ಅವರಿಗೆ ಬಾರದಿರಲಿ.