ಕಸವೇ ಮದ್ದಾದಾಗ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ಓಕುಳಿ ಸಿದ್ಧ. ಅದಕ್ಕೆ ನಿಂಬೆಹಣ್ಣು ಹಿಂಡಿದರೋ, ಕೆಂಪು ಮಾಯವಾಗಿ ಹಳದಿ ಮರಳುತ್ತದೆ. ಹುಳಿ ಮತ್ತು ಸುಣ್ಣ ಒಂದರ ಬಲವನ್ನು ಇನ್ನೊಂದು ಮುರಿಯುತ್ತವೆ. ಗಣಿಗಳು ಕೆಡಿಸಿದ ನೀರಿಗೂ ಇದೇ ಮದ್ದು.

ಗಣಿಯ ನೀರು ಹುಳಿಯಾಗುವುದೇಕೆ? ಅನೇಕ ಅದಿರು ಹಾಗೂ ಕಲ್ಲಿದ್ದಲಿನ ಪದರಗಳಲ್ಲಿ ಪೈರೈಟ್ ಎಂಬ ಖನಿಜವಿರುತ್ತದೆ. ಕಬ್ಬಿಣ, ಗಂಧಕಗಳು ಕೂಡಿ ಆದ ಇದು ನೆಲದಾಳದಲ್ಲಿ ಇರುವಷ್ಟು ಕಾಲ ಸಾಧು. ಅಗೆದಾಗ ಗಾಳಿ, ನೀರು ಸೋಕಿ ಗಂಧಕಾಮ್ಲ ಹುಟ್ಟುತ್ತದೆ. ಅದು ಬಂಡೆಯಲ್ಲಿನ ಲೋಹಗಳನ್ನೂ ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ.

ಕೋಲಾರದ ಚಿನ್ನದ ಗಣಿಗಳಿಗೆ ಒಂದು ಕಾಲಕ್ಕೆ ನುರಿತ ಕೆಲಸಗಾರರನ್ನು ಕಳುಹಿಸಿದ ನಾಡು ಇಂಗ್ಲೆಂಡಿನ ಕಾರ್ನ್‌ವಾಲ್. ಅಲ್ಲಿನ ವೀಲ್ ಜೇನ್ ಎಂಬ ತವರದ ಗಣಿ 1991ರಲ್ಲಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು. 1992ರ ಜನವರಿಯಲ್ಲಿ ಅದು ಹೊರನುಗ್ಗಿ, ಕಾರ್ನನ್ ನದಿಯಿಂದ ಕಡಲ ಅಳಿವೆಯವರೆಗೆ ಕಿತ್ತಳೆ ಬಣ್ಣ ಬಳಿಯಿತು.

ಆಗ ಅಲ್ಲಿ ನಡೆದ ಪ್ರಯೋಗದ ಸಾಮಗ್ರಿ ಯಾವ ಹಳ್ಳಿಗನಿಗೂ ಪರಿಚಿತವೇ: ಜೊಂಡು ಬೆಳೆಸಿದ ಕೊಳ, ಸುಣ್ಣದ ಕಲ್ಲು, ಮರದ ಹೊಟ್ಟು, ಒಣಹುಲ್ಲು, ಸಗಣಿ. ಹೊಟ್ಟು, ಸಗಣಿ ತುಂಬಿದ ಗುಂಡಿಯಲ್ಲಿ ಗಾಳಿಯಾಡದು. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೀರಿನ ಸಲ್ಫೇಟನ್ನೇ ಬಳಸಿ ಉಸಿರಾಡುತ್ತವೆ. ಹುಳಿ ಇಳಿಯುತ್ತದೆ, ಕರಗಿದ್ದ ಲೋಹಗಳು ಗಂಧಕದೊಡನೆ ಕೂಡಿ ತಳಕ್ಕೆ ಕೂರುತ್ತವೆ. ಕಾರ್ಖಾನೆಯ ಕಸವೂ ಇಂಥ ಕೆಲಸಕ್ಕೆ ಒದಗುತ್ತದೆ. ಉಕ್ಕಿನ ಕುಲುಮೆಯ ಕಿಟ್ಟದಲ್ಲಿ, ವಿದ್ಯುತ್ ಸ್ಥಾವರಗಳ ಕೆಲವು ಬಗೆಯ ಹಾರುಬೂದಿಯಲ್ಲಿ ಸುಣ್ಣದ ಅಂಶ ಧಾರಾಳ.

ಹಾಗೆಂದು ಕಸ ಸುರಿದು ಕೈತೊಳೆದುಕೊಳ್ಳುವಂತಿಲ್ಲ. ಬೂದಿಯಲ್ಲಿಯೇ ವಿಷಲೋಹಗಳು ಇರಬಹುದು, ಪರೀಕ್ಷಿಸಿಯೇ ಬಳಸಬೇಕು. ಸುಣ್ಣದ ಕಲ್ಲಿಗೆ ತುಕ್ಕಿನ ಕವಚ ಕಟ್ಟಿ ಅದು ನಿಷ್ಕ್ರಿಯವಾಗುತ್ತದೆ. ಹೊಟ್ಟು, ಸಗಣಿಯ ಸತ್ವ ತೀರಿದರೆ ಮತ್ತೆ ತುಂಬಬೇಕು. ವೀಲ್ ಜೇನ್‌ನಲ್ಲಿ ಕೊನೆಗೆ, 2000ದಲ್ಲಿ, ಸುಣ್ಣ ಬೆರೆಸಿ ನೀರು ಶುದ್ಧಮಾಡುವ ಸ್ಥಾವರವನ್ನೇ ನಡೆಸಬೇಕಾಯಿತು.

ಈ ಮಾತು ಮೇಘಾಲಯಕ್ಕೂ ಅನ್ವಯಿಸುತ್ತದೆ. ಜೈಂತಿಯಾ ಬೆಟ್ಟಗಳಲ್ಲಿ ಗಂಧಕ ತುಂಬಿದ ಕಲ್ಲಿದ್ದಲು ತೆಗೆದ ಇಲಿಬಿಲದಂಥ ಗಣಿಗಳಿಂದ ಹುಳಿನೀರು ಹರಿದು ಎಷ್ಟೋ ಹೊಳೆಗಳಲ್ಲಿ ಮೀನುಗಳಿಲ್ಲವಾದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಅಂಥ ಗಣಿಗಾರಿಕೆಯನ್ನು ನಿಷೇಧಿಸಿತು. ಆದರೆ ಆದೇಶ ತಡೆಯುವುದು ಅಗೆಯುವವರನ್ನು ಮಾತ್ರ. ಮಳೆಗೆ ಅದು ಅರ್ಥವಾಗದು. ಹಳೆಯ ಗುಂಡಿಗಳಿಂದ ನೀರು ಇಳಿಯುತ್ತಲೇ ಇರುತ್ತದೆ.

ಕಸದಿಂದ ರಸ ತೆಗೆಯುವ ಜಾಣ್ಮೆ ಮಕ್ಕಳಿಗೆ ಬೇಕೇಬೇಕು. ಅದರ ಜೊತೆಗೆ ಇನ್ನೊಂದು ಲೆಕ್ಕವೂ ಅವರಿಗೆ ಬರಲಿ. ಅದಿರಿನ ಬೆಲೆ ಕಟ್ಟುವಾಗಲೇ ನೀರು ತೊಳೆಯುವ ಖರ್ಚನ್ನೂ ಸೇರಿಸಿದರೆ, ಎಷ್ಟೋ ಗಣಿಗಳನ್ನು ಅಗೆಯದೆ ಬಿಡುವುದೇ ಲಾಭವೆಂದು ಕಂಡೀತು.