ಬೇಡವೆಂದ ನವೀಕರಣ

ಲಿಂಗೈಕ್ಯರಾದ ನಮ್ಮ ತಂದೆಯವರ ಪತ್ರಗಳನ್ನು ಬುಕ್ಕಸಾಗರದ ಮನೆಯ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಹಲವು ವರ್ಷಗಳಿಂದ ಇರಿಸಿದ್ದೆನು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು ನವೀಕರಿಸಬೇಕೆಂಬ ಸೂಚನೆ ತೆರೆಯ ಮೇಲೆ ಪದೇ ಪದೇ ಮೂಡುತ್ತಿತ್ತು. ಬೇಡವೆಂದು ತಳ್ಳುತ್ತ ಬಂದವನು ಕಡೆಗೆ ಬೇಸತ್ತು ಹಳೆಯದನ್ನು ತೆಗೆಸಿ ಹೊಸದನ್ನು ಹಾಕಿಸಿದೆನು. ಮರುದಿನ ಕಡತ ತೆರೆದರೆ ಕನ್ನಡವೇ ಇಲ್ಲ; ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು! ತಂದೆಯವರನ್ನು ಎರಡನೆಯ ಸಲ ಕಳೆದುಕೊಂಡಂತಾಯಿತು.

ಪತ್ರಗಳು ಅಳಿದಿರಲಿಲ್ಲ. ಹಳೆಯ ಕನ್ನಡ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪವನ್ನು ತೊಡಿಸುತ್ತಿದ್ದವು. ಫಾಂಟು ಹೋದೊಡನೆ ವೇಷ ಕಳಚಿತ್ತು. ಅದನ್ನು ಮತ್ತೆ ಅಳವಡಿಸಿದಾಗ ತಂದೆಯವರ ಮಾತು ಮರಳಿತು. ಬಳಿಕ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆನು. ಅಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಕೇತಗಳಿವೆ.

ಹಾಗೆಂದು ನವೀಕರಣವನ್ನೇ ಧಿಕ್ಕರಿಸಲಾಗದು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ಎಂಬ ಕುತಂತ್ರಾಂಶಕ್ಕೆ ತಡೆಯು ಮಾರ್ಚ್ ತಿಂಗಳಲ್ಲಿಯೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಅನೇಕ ಯಂತ್ರಗಳು ಬಲಿಯಾದವು. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿಯಿತು.

ನಮ್ಮ ಭಾಗದಲ್ಲಿ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿರುವುದು ಹೂಳು ತೆಗೆದು ದುರಸ್ತಿ ಮಾಡುತ್ತ ಬಂದುದರಿಂದಲೇ. ಆದರೆ ನೀರು ನಿಲ್ಲುವ ಮುನ್ನ ರೈತನು ಸಿದ್ಧನಾಗಿರುತ್ತಾನೆ. ನಾವೂ ಕಡತಗಳ ನಕಲನ್ನು ಬೇರೆಡೆ ಇರಿಸಿ, ಬಿಡುವಿನ ದಿನವನ್ನು ಆರಿಸಿ, ಆಮೇಲೆ ಒಪ್ಪಿಗೆ ನೀಡೋಣ. ನಾನು ಹೊಸದನ್ನು ದೂಷಿಸಿದೆನು. ಕೊರತೆಯಿದ್ದುದು ನನ್ನ ಸಿದ್ಧತೆಯಲ್ಲಿ.