ಉಗಾರದಿಂದ ನಿಪ್ಪಾಣಿಯವರೆಗೆ

ಮನೆಗೊಂದು ವಸ್ತುವನ್ನು ಕೊಳ್ಳಲು ಹೊರಟ ತಿರುಗಾಟವು ಪ್ರವಾಸವೆನಿಸಿಕೊಂಡೀತೆ ಎಂದು ವಾಚಕರು ಕೇಳಬಹುದು. ಐದು ತಾಲೂಕುಗಳ ಧೂಳು ತಲೆಗೇರಿದ ಮೇಲೆ ಎನಿಸಿಕೊಳ್ಳದೆ ಏನು ಎಂಬುದೇ ನನ್ನ ಉತ್ತರ.

ನಮ್ಮ ಅಣ್ಣನವರ ಮನೆಯಿರುವುದು ಕಾಗವಾಡ ತಾಲೂಕಿನ ಉಗಾರ ಖುರ್ದದ ಬಳಿಯಲ್ಲಿ. ಕಬ್ಬಿನ ಬಿಲ್ಲು ಬಂದು, ಸೊಸಾಯಿಟಿಯ ಸಾಲ ತೀರಿ, ಹದಿನಾರು ಸಾವಿರ ರೂಪಾಯಿಗಳು ಉಳಿದಿದ್ದವು. ಅವುಗಳಿಂದ ಗಣಕಯಂತ್ರಕ್ಕೆ ಒಂದು ಮಾನಿಟರನ್ನು ತರಬೇಕೆಂದು ನಿಶ್ಚಯವಾಯಿತು. ಬೇಕಾದವರು ಇಬ್ಬರು, ತರಬಹುದಾದುದು ಒಂದೇ. ಅಣ್ಣನವರ ಸೊಸೆ ಮನೆಯಲ್ಲಿಯೇ ಕುಳಿತು ನಾಲ್ಕಾರು ವ್ಯಾಪಾರಿಗಳ ಜಿ.ಎಸ್.ಟಿ. ಲೆಕ್ಕವನ್ನು ಬರೆಯುವಳು. ಲ್ಯಾಪ್‌ಟಾಪಿನ ಕಿರಿಯ ತೆರೆಯಲ್ಲಿ ಮೂರನ್ನು ಎಂಟೆಂದು ಓದಿ, ಹಿಂದಿನ ತಿಂಗಳು ಬಡ್ಡಿಯನ್ನು ತನ್ನ ಕೈಯಿಂದಲೇ ತೆತ್ತಿದ್ದಳು. ಸಂಜೆಯಾದರೆ ತಲೆನೋವು ಬೇರೆ. ಇನ್ನು ಅಣ್ಣನವರ ಕಿರಿಯ ಮಗ ಇಂಜಿನಿಯರಿಂಗ್ ಓದುವವನು. ಅವನಿಗೆ ಆಟದ ಹುಚ್ಚು. ವೇಗದ ತೆರೆಯಿಲ್ಲದೆ ಗೆಳೆಯರೆದುರು ಸೋಲುತ್ತಿರುವೆನೆಂಬುದು ಅವನ ದೂರು. ನ್ಯಾಯ ಹೇಳುವ ಕೆಲಸ ಕಾಕನಾದ ನನ್ನ ಪಾಲಿಗೆ ಬಂದಿತು.

ಮಿರಜವು ಹತ್ತಿರವಿರಲು ಇತ್ತ ಏಕೆ ಹೋದಿರಿ ಎಂದರೆ, ೨೦೧೭ನೆಯ ಇಸವಿಯ ಜುಲೈ ೧ರಿಂದ ಗಡಿಯ ಎರಡೂ ಕಡೆ ತೆರಿಗೆಯೊಂದೇ ಆದುದರಿಂದ ಗಡಿ ದಾಟಿದರೆ ಉಳಿತಾಯವೇನೂ ಇಲ್ಲ. ಮೇಲಾಗಿ ನಿಪ್ಪಾಣಿಯಲ್ಲಿ ತಂಗಿಯ ಮಗಳ ಕುಬಸ.

ಮೊದಲು ಅಥಣಿಗೆ ಹೋದೆವು. ಅಲ್ಲಿಯ ಚರ್ಮದ ಚಪ್ಪಲಿಯ ಖ್ಯಾತಿಯನ್ನು ವಾಚಕರು ಬಲ್ಲರು. ೨೦೧೯ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಲಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ನಾನು ಒಂದು ಜೋಡನ್ನು ಕೊಂಡೆನು. ಚಮ್ಮಾರ ಮುದುಕನು ಅಳತೆಯ ಅಂಕೆಯನ್ನು ಕೇಳಲೇ ಇಲ್ಲ. “ಕಾಲು ಇಟ್ಟು ನಾಕು ಹೆಜ್ಜಿ ಅಡ್ಯಾಡ್ರಿ” ಎಂದನು. ಅದೇ ಪೇಟೆಯ ಮಾನಿಟರಿನ ಅಂಗಡಿಯಲ್ಲಾದರೋ ಪೆಟ್ಟಿಗೆಯನ್ನೂ ಬಿಚ್ಚದೆ, ಮೇಲಿನ ಅಂಕೆಗಳನ್ನೇ ಓದಿ ಹೇಳಿದರು. ಬರಿಗೈಯಲ್ಲಿ ಮರಳಿದೆವು.

ಮರುದಿನ ಉಗಾರದಲ್ಲಿ ರೈಲು ಹತ್ತಿ ಕೃಷ್ಣೆಯನ್ನು ದಾಟಿದೆವು. ಕುಡಚಿ, ಮಾಯಕ್ಕನ ಚಿಂಚಲಿ, ಆ ಮೇಲೆ ರಾಯಬಾಗ. ೧೯೪೯ರ ವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಈ ಊರಿನಲ್ಲಿ ನಮಗೆ ಬೇಕಾದ ವಸ್ತು ದೊರೆಯಲಿಲ್ಲ. ಚಹ ಮಾತ್ರ ಬಲು ಚೆನ್ನಾಗಿತ್ತು. ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದೆವು.

ಚಿಕ್ಕೋಡಿಯ ಅಂಗಡಿಕಾರನು ತಿಳಿದವನು. ಅವನು ಇಟ್ಟ ಎರಡು ಮಾನಿಟರುಗಳ ಬೆಲೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಗುಣವು ಮಾತ್ರ ಬೇರೆ ಬೇರೆ. ಒಂದು ೨೪ ಇಂಚಿನದು. ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳು. ಸೆಕೆಂಡಿಗೆ ೧೮೦ ಸಲ ಚಿತ್ರವನ್ನು ಹೊಸದುಮಾಡುವಂಥದು. ಇನ್ನೊಂದು ೨೭ ಇಂಚಿನದು. ೨೫೬೦ಕ್ಕೆ ೧೪೪೦ ಚುಕ್ಕೆಗಳು. ವೇಗ ಮಾತ್ರ ೧೦೦. ಹುಡುಗನು ಮೊದಲನೆಯದರ ಮೇಲೆ ಕೈಯಿಟ್ಟು, “ಇದ ಇರ್ಲಿ, ಕಾಕಾ” ಎಂದುಬಿಟ್ಟನು. ೨೭ ಇಂಚಿನ ಅಗ್ಗದ ತೆರೆಯೊಂದಿತ್ತು. ಅದರಲ್ಲಿಯೂ ೧೯೨೦ ಚುಕ್ಕೆಗಳೇ ಇದ್ದುದರಿಂದ ಅಕ್ಷರಗಳು ಹಿಗ್ಗಿಸಿದ ರಬ್ಬರಿನಂತೆ ಒರಟಾಗಿ ಕಂಡವು. ಗಾತ್ರವನ್ನು ಕಂಡು ಮರುಳಾಗುವವರು ಇದನ್ನು ಅವಶ್ಯವಾಗಿ ಗಮನಿಸಬೇಕು. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಅರ್ಧ ತಾಸು ಕಾದು ನಿಪ್ಪಾಣಿಯ ಬಸ್ಸನ್ನು ಹಿಡಿದೆವು.

ನಿಪ್ಪಾಣಿಯು ತಂಬಾಕಿನ ಊರು. ೧೯೮೧ರಲ್ಲಿ ಬೆಲೆಗಾಗಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತ ಊರೂ ಇದೇ. ಕುಬಸದ ಊಟವಾದ ಬಳಿಕ ಪೇಟೆಗೆ ಹೋದೆವು. ಚಿಕ್ಕೋಡಿಯಲ್ಲಿ ಕಂಡಂಥ ಎರಡೂ ಬಗೆಯ ತೆರೆಗಳು ಅಲ್ಲಿಯೊಂದು ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿಯೇ ಉರಿಯುತ್ತಿದ್ದವು. ಅಂಗಡಿಕಾರನು ಹುಡುಗನೊಡನೆ ಮರಾಠಿಯಲ್ಲಿಯೂ ನನ್ನೊಡನೆ ಕನ್ನಡದಲ್ಲಿಯೂ ಏಕಕಾಲಕ್ಕೆ ವ್ಯವಹರಿಸಿದನು.

ಆಗ ನಮ್ಮ ಸೊಸೆ ಕೈಚೀಲದಿಂದ ಪೆನ್‌ಡ್ರೈವನ್ನು ತೆಗೆದು, ತಾನು ನಿತ್ಯ ಬರೆಯುವ ಲೆಕ್ಕದ ಹಾಳೆಯನ್ನೇ ಎರಡರ ಮೇಲೂ ತೆರೆಯಿಸಿದಳು. ವ್ಯಾಪಾರಿಗಳ ಹೆಸರುಗಳು ಕನ್ನಡದಲ್ಲಿದ್ದವು, ಕೆಲವು ದೇವನಾಗರಿಯಲ್ಲಿ. ನಮ್ಮ ಲಿಪಿಯು ಇಂಗ್ಲಿಷಿನಂತಲ್ಲ. ಒತ್ತಕ್ಷರವು ಸಾಲಿನ ಕೆಳಗೆ ಇಳಿಯುವುದು, ‘ಪ’ಕ್ಕೂ ‘ಷ’ಕ್ಕೂ ಹೊಟ್ಟೆಯೊಳಗಿನ ಒಂದು ಗೆರೆಯಷ್ಟೇ ಭೇದ. ೨೪ ಇಂಚಿನದರಲ್ಲಿ ಇಂಚಿಗೆ ಸುಮಾರು ೯೨ ಚುಕ್ಕೆಗಳು, ೨೭ರದರಲ್ಲಿ ಸುಮಾರು ೧೦೯. ಅಂಕೆಯಲ್ಲಿ ಅಲ್ಪವೆನಿಸುವ ಈ ಭೇದವು ಕಣ್ಣಿಗೆ ಅಲ್ಪವಾಗಿರಲಿಲ್ಲ. ಒಟ್ಟು ಚುಕ್ಕೆಗಳು ಹೆಚ್ಚಿದ್ದುದರಿಂದ ಹಾಳೆಯ ಇನ್ನಷ್ಟು ಕಲಮುಗಳೂ ಒಂದೇ ನೋಟಕ್ಕೆ ಸಿಕ್ಕವು. “ಇದು ಓದಾಕ ಬರ್ತೈತಿ ನೋಡ್ರಿ, ಕಾಕಾ” ಎಂದಷ್ಟೇ ನುಡಿದು ಅವಳು ಹಿಂದೆ ಸರಿದು ನಿಂತಳು.

ಹುಡುಗನ ಮುಖವು ಬಾಡಿತು. ನಾನು ಕಾಗದದ ಚೂರಿನ ಮೇಲೆ ಲೆಕ್ಕ ಮಾಡಿದೆನು. ಅವನ ಈಗಿನ ತೆರೆಯ ವೇಗ ೬೦. ಒಂದು ಚಿತ್ರಕ್ಕೂ ಮುಂದಿನದಕ್ಕೂ ಸೆಕೆಂಡಿನ ಸಾವಿರದಲ್ಲಿ ಸುಮಾರು ೧೭ ಭಾಗಗಳ ಅಂತರ. ೧೦೦ಕ್ಕೆ ಏರಿದರೆ ಅದು ೧೦ಕ್ಕೆ ಇಳಿಯುವುದು. ೧೮೦ಕ್ಕೆ ಏರಿದರೆ ಐದೂವರೆಗೆ. ಎಂದರೆ ಲಾಭದ ದೊಡ್ಡ ಪಾಲು ಮೊದಲ ಮೆಟ್ಟಿಲಿನಲ್ಲಿಯೇ ಇದೆ. “ನಿನ್ನ ಯಂತ್ರ ಸೆಕೆಂಡಿಗೆ ಎಷ್ಟು ಚಿತ್ರ ಕೊಡ್ತೈತಿ?” ಎಂದು ಕೇಳಿದೆನು. “ಎಂಬತ್ತು, ತೊಂಬತ್ತು” ಎಂದನು, ತುಸು ಸಂಕೋಚದಿಂದ. ಹಾಗಿರಲು ೧೮೦ರ ತೆರೆಯು ಬಂಡಿಯ ಎತ್ತಿಗೆ ರೇಸಿನ ಕುದುರೆಯ ಜೀನು ಹಾಕಿದಂತೆಯೇ ಸರಿ. ಆದರೂ ದೊಡ್ಡ ತೆರೆಯಲ್ಲಿ ಚುಕ್ಕೆಗಳು ಹೆಚ್ಚಾಗಿ ಅವನ ಯಂತ್ರಕ್ಕೆ ಭಾರವಾಗುವುದು. ಆಟವನ್ನು ೧೯೨೦ಕ್ಕೆ ಇಳಿಸಿಕೊಂಡರೆ ಚಿತ್ರ ತುಸು ಮಸುಕಾಗುವುದು. ಈ ನಷ್ಟವನ್ನು ಅವನಿಂದ ಮುಚ್ಚಿಡಲಿಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ದೊಡ್ಡದನ್ನ ಕಟ್ಟಸ್ರಿ. ವೈನಿ ಇನ್ನೊಮ್ಮಿ ದಂಡ ಕಟ್ಟೂದು ಬ್ಯಾಡ” ಎಂದನು.

ಮನೆಯಲ್ಲಿ ಜೋಡಿಸಿದಾಗ ಅದು ೬೦ರ ವೇಗದಲ್ಲಿಯೇ ನಡೆಯಿತು. ಮೋಸಹೋದೆವೆಂದು ಅಣ್ಣನವರು ಕೂಗಾಡಿದರು. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ವೇಗವನ್ನು ನಾವೇ ೧೦೦ಕ್ಕೆ ಬದಲಿಸಬೇಕಾಗಿತ್ತು. ಹುಡುಗನು ನಿಮಿಷದಲ್ಲಿ ಬದಲಿಸಿದನು. ನಿಲುವು ಗಿಡ್ಡವಾಗಿದ್ದುದರಿಂದ ಅಡಿಯಲ್ಲಿ ಅಡಿಗೆಮನೆಯ ಮಣೆಯನ್ನಿಟ್ಟು, ತೆರೆಯ ಮೇಲಂಚನ್ನು ಸೊಸೆಯ ಕಣ್ಣಿನ ಮಟ್ಟಕ್ಕೆ ತಂದೆವು. ರಾತ್ರಿ ಒಂಬತ್ತರ ವರೆಗೆ ಲೆಕ್ಕ, ಅನಂತರ ಆಟ ಎಂಬ ಕರಾರಾಯಿತು. ಮೊದಲ ರಾತ್ರಿ ಹತ್ತಾದರೂ ಅವಳು ಏಳಲಿಲ್ಲ. ಮೈದುನನು ಬಾಗಿಲ ಬಳಿ ನಿಂತು ಗಡಿಯಾರವನ್ನು ನೋಡುತ್ತಿದ್ದನು.